ಕಚೇರಿಯ ಹಿತ್ತಲಲ್ಲಿ ಸುಟ್ಟ ಕಟ್ಟುಗಳು

ಕೋಟಿನ ಬಲತೋಳು ತೂರುತ್ತಿರಲಿಲ್ಲ. ಓಬಣ್ಣ ತನ್ನ ಅಣ್ಣನ ಮೊಣಕೈಯನ್ನು ಮೆಲ್ಲಗೆ ಮಡಿಸಲು ನೋಡಿದ. ನಸುಕಿನಲ್ಲಿ ಪ್ರಾಣ ಬಿಟ್ಟ ದೇಹ ಅಷ್ಟರಲ್ಲಾಗಲೇ ಸೆಟೆದುಕೊಂಡಿತ್ತು. ಯಶೋದಾ ಒಂದು ಕೈಯಲ್ಲಿ ಅಪ್ಪನ ಹೆಗಲನ್ನು ಆನಿಸಿಕೊಂಡು, ಇನ್ನೊಂದರಲ್ಲಿ ಕೋಟಿನ ಕಂಕುಳನ್ನು ಹಿಗ್ಗಿಸಿ ಹಿಡಿದಿದ್ದಳು.

"ಬೆನ್ನಿಗೆ ಕತ್ತರಿ ಹಾಕಿ ಸೀಳ್ಬಿಡ್ರಿ. ಮುಂದಿಂದ ನೋಡೋರಿಗೆ ಏನೂ ಗೊತ್ತಾಗಲ್ಲ" ಎಂದಳು ಪಕ್ಕದ ಮನೆಯ ಕೆಂಚಕ್ಕ.

ಕಾಟಲಿಂಗಪ್ಪನ ಹೆಂಡತಿ ಪಾರ್ವತಮ್ಮ ಮೂಲೆಯಲ್ಲಿ ಕುಳಿತಿದ್ದಳು. ಈಗ ತಲೆಯೆತ್ತಿ, "ಆ ಕೋಟು ಬ್ಯಾಡ" ಎಂದಳು.

"ರಿಟೈರ್ ಆದ ದಿನ ಹಾಕ್ಕಂಡಿದ್ದು ಅವ್ವ. ಫೋಟೋದಾಗೂ ಇದೇ ಐತಲ್ಲ."

"ಆವತ್ತೂ ಅವ್ರಿಗೆ ಬ್ಯಾಡಾಗಿತ್ತು. ನಾನೇ ಬಲವಂತಕ್ಕೆ ಹಾಕ್ಸಿದ್ದೆ. ತೆಗೀರಿ ಅದನ್ನ. ಬಿಳೀ ಅಂಗಿ ಸಾಕು."

ಓಬಣ್ಣ ಯಶೋದಾಳ ಮುಖ ನೋಡಿದ. ಅವಳು ಕೋಟನ್ನು ಬಿಡಿಸಿ ಪಕ್ಕಕ್ಕಿಟ್ಟಳು. ಅಂಗಿ ತೊಡಿಸಿ, ಹಣೆಗೆ ವಿಭೂತಿ ಬಳಿದು, ಕಾಟಲಿಂಗಪ್ಪನನ್ನು ಎತ್ತಿ ಜಗಲಿಗೆ ತಂದು ಗೋಡೆಗೆ ಒರಗಿಸಿ ಕೂರಿಸಿದರು. ಗಲ್ಲಕ್ಕೆ ಬಟ್ಟೆ ಕಟ್ಟಿದ್ದರಿಂದ ಅವನ ಮುಖ ಹಲ್ಲುನೋವಿನವರ ಮುಖದಂತೆ ಕಾಣುತ್ತಿತ್ತು.

ಹಿರೇಗುಂಟನೂರಿನ ಆ ಬೀದಿ ತುಂಬ ಜನ ಸೇರಿದ್ದರು. ತಮಟೆಯವರು ಬಂದು ಬೇವಿನ ಮರದ ಕೆಳಗೆ ಹುಲ್ಲು ಉರಿಸಿ ತಮಟೆ ಕಾಯಿಸುತ್ತಿದ್ದರು. ಜನ ಕಾಟಲಿಂಗಪ್ಪನ ಮಾತನ್ನೇ ಆಡುತ್ತಿದ್ದರು. ಸರ್ಕಾರಿ ಕಚೇರಿಯೊಂದರ ರೆಕಾರ್ಡ್ ರೂಮಿನ ಗುಮಾಸ್ತನಾಗಿದ್ದು ನಿವೃತ್ತನಾದ ಮೇಲೆ ಅವನು ಊರಿನಲ್ಲೇ ಇದ್ದ. ವೃದ್ಧಾಪ್ಯ ವೇತನ, ಬೆಳೆವಿಮೆ, ಪಹಣಿ ಎಂದು ಯಾರಾದರೂ ಕಾಗದ ಹಿಡಿದು ಬಂದರೆ ಓದಿ ಹೇಳುತ್ತಿದ್ದ. ಆದರೆ ಮೊದಲು ಅವರನ್ನು ಬಸ್‌ಸ್ಟ್ಯಾಂಡಿನ ಅಂಗಡಿಗೆ ಕಳಿಸಿ ಜೆರಾಕ್ಸ್ ಮಾಡಿಸಿಕೊಂಡು ಬರಲು ಹೇಳುತ್ತಿದ್ದ.

"ನಮ್ಮವ್ವನ ಪಿಂಚಣಿ ಕಾಗದ ನಾಕು ಜೆರಾಕ್ಸ್ ಮಾಡ್ಸಿದ" ಎಂದ ಒಬ್ಬ. "ಒಂದು ನಿನ್ನ ಹತ್ರ, ಒಂದು ನಿನ್ನ ಅಕ್ಕನ ಹತ್ರ, ಒಂದು ದೇವರ ಮನೆಯಾಗೆ, ಒಂದು ಕಚೇರಿಗೆ ಅಂತ."

"ಕಚೇರಿಯೋರ ಕೈಗೆ ಮೂಲ ಕಾಗದ ಕೊಡಬ್ಯಾಡ್ರಿ ಅನ್ನೋನು. ಅಲ್ಲಪ್ಪ, ನೀನೂ ಕಚೇರಿಯೋನೇ ಅಲ್ವ ಅಂದ್ರೆ, ಅದಕ್ಕೇ ಹೇಳ್ತೀನಿ ಅನ್ನೋನು."

ಜನ ಮೆಲ್ಲಗೆ ನಕ್ಕರು. ಬೀಗರ ಕಡೆಯವರು ಹೊಳಲ್ಕೆರೆಯಿಂದ ಬಂದಿದ್ದರು. ಯಶೋದಾ ಅಲ್ಲಿನ ಶಾಲೆಯೊಂದರಲ್ಲಿ ಟೀಚರ್. ಅವಳ ಮಾವನೂ ಆ ನಗೆಯಲ್ಲಿ ಸೇರಿ, "ಒಳ್ಳೇ ಮನುಷ್ಯ ಬಿಡ್ರಿ, ಯಾರ ತಂಟೆಗೂ ಹೋದೋರಲ್ಲ" ಎಂದರು. ಯಶೋದಾಳಿಗೆ ಹೆಮ್ಮೆ ಎನಿಸಿತು. ಹೆಮ್ಮೆಯ ಜೊತೆಗೇ ಅಳುವೂ ಬಂತು.

ಹೊಲದಲ್ಲಿ ಗುಂಡಿ ತೆಗೆದಾಗಿದೆ ಎಂದು ಸುದ್ದಿ ಬಂತು. ಓಬಣ್ಣ ಒಳಗೆ ಬಂದು, "ಅತ್ತಿಗೆ, ಬಿಸಿಲೇರ್ತೈತೆ. ಎತ್ತಾಣವೇ?" ಎಂದ.

"ಹೊಸದುರ್ಗದ ಬಸ್ಸು ಬರ್ಲಿ."

"ಇನ್ನು ಯಾರು ಬರ್ಬೇಕು?"

ಪಾರ್ವತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಓಬಣ್ಣ ಹೊರಗೆ ಬಂದು ಯಶೋದಾಳನ್ನು ಪಕ್ಕಕ್ಕೆ ಕರೆದ. "ಬೆಳಿಗ್ಗೆ ನಿಮ್ಮವ್ವ ನಿಮ್ಮಪ್ಪನ ಮೊಬೈಲಿಂದ ಒಂದು ನಂಬರಿಗೆ ಫೋನ್ ಮಾಡ್ಸಿದ್ರು. ರಮ್ಯಾ ಅಂತ ಒಂದು ಹುಡುಗಿ ಎತ್ತಿದ್ಲು. ನಿಮ್ಮ ತಾಯಿ ತಿಪ್ಪಮ್ಮಗೆ ಹೇಳಮ್ಮ, ಕಾಟಲಿಂಗಪ್ಪ ಹೋದ್ರು, ಮಣ್ಣಿಗೆ ಬರ್ಬೇಕಂತೆ ಅಂತ ಹೇಳ್ದೆ. ಆ ಹುಡುಗಿ ಫೋನ್ ಇಟ್ಬಿಟ್ಲು. ಯಾರವ್ವ ಅವ್ರು?"

"ಗೊತ್ತಿಲ್ಲ ಚಿಗಪ್ಪ."

"ನಮ್ಮ ನೆಂಟರಾಗಂತೂ ಆ ಹೆಸರಿನೋರು ಯಾರೂ ಇಲ್ಲ."

ಬಸ್ಸು ಬಂದಾಗ ಮಧ್ಯಾಹ್ನವಾಗಿತ್ತು. ಒಬ್ಬ ಮುದುಕಿ ಬೀದಿಯ ತುದಿಯಿಂದ ನಡೆದು ಬಂದಳು. ಮಂಡಿ ನೋವಿದ್ದವರ ನಡಿಗೆ. ಎರಡು ಹೆಜ್ಜೆಗೊಮ್ಮೆ ನಿಂತು ಸುಧಾರಿಸಿಕೊಳ್ಳುತ್ತಿದ್ದಳು. ಕೈಯಲ್ಲಿ ಎಲೆಯಲ್ಲಿ ಸುತ್ತಿದ ಹೂವಿತ್ತು. ಅವಳು ಯಾರನ್ನೂ ಏನೂ ಕೇಳದೆ ಜಗಲಿಯ ಹತ್ತಿರ ಹೋಗಿ, ಹೂವನ್ನು ಕಾಟಲಿಂಗಪ್ಪನ ಕಾಲ ಬಳಿ ಇಟ್ಟು, ಅವನ ಮುಖವನ್ನು ನೋಡುತ್ತ ನಿಂತಳು. ಕೈ ಮುಗಿಯಲಿಲ್ಲ. ಅಳಲೂ ಇಲ್ಲ. ಆಮೇಲೆ ಹೆಂಗಸರ ಸಾಲಿನ ಕೊನೆಯಲ್ಲಿ ಕಾಲು ಚಾಚಿ ಕುಳಿತಳು.

ಹೊಸ್ತಿಲಿಗೆ ಬಂದ ಪಾರ್ವತಮ್ಮ ಅವಳನ್ನು ಕಂಡು ಮುಖಕ್ಕೆ ಸೆರಗು ಎಳೆದುಕೊಂಡು ಒಳಗೆ ಹೋಗಿಬಿಟ್ಟಳು.

ಇನ್ನೇನು ಎತ್ತಬೇಕು ಎನ್ನುವಾಗ ಬಿಳಿ ಕಾರೊಂದು ಬೀದಿಗೆ ಬಂತು. ಅದರಿಂದ ಇಳಿದವನು ಪ್ರಸನ್ನಕುಮಾರ್. ಹಿಂದೆ ಕಾಟಲಿಂಗಪ್ಪನ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವನು, ಈಗ ನಿವೃತ್ತ ನೌಕರರ ಸಂಘವೊಂದರ ಪದಾಧಿಕಾರಿ. ದೊಡ್ಡ ಗುಲಾಬಿ ಹಾರ ಹಾಕಿ, ಸಂಘದ ಶಾಲು ಹೊದಿಸಿದ. ತಮಟೆಯವರಿಗೆ ನಿಲ್ಲಿಸುವಂತೆ ಕೈ ಮಾಡಿ, ಎರಡು ಮಾತು ಹೇಳುತ್ತೇನೆ ಎಂದ.

"ಕಾಟಲಿಂಗಪ್ಪನಂಥ ನಂಬಿಗಸ್ತ ನೌಕರನನ್ನ ನಾನು ನನ್ನ ಸರ್ವೀಸಿನಲ್ಲೇ ನೋಡಿಲ್ಲ. ಮೇಲಿನವರು ಒಂದು ಮಾತು ಹೇಳಿದ್ರೆ ಮುಗೀತು, ಯಾಕೆ ಅಂತ ಕೇಳಿದವನಲ್ಲ. ಒಂದ್ಸಲ ದಿನಗೂಲಿಯವರು ಕೋರ್ಟಿಗೆ ಹೋಗಿ ನಮ್ಮ ಕಚೇರಿಗೆ ದೊಡ್ಡ ಪೇಚು ಬಂತು. ಸಾಹೇಬ್ರು ಊಟ ಬಿಟ್ಟು ಕೂತಿದ್ರು. ಆವತ್ತು ಈ ಮನುಷ್ಯ ಒಬ್ಬನೇ ನಿಂತು ಹಳೇ ಕಟ್ಟುಗಳನ್ನೆಲ್ಲ ಒಂದೇ ದಿನದಲ್ಲಿ ವಿಲೇವಾರಿ ಮಾಡಿ ಕಚೇರಿ ಮರ್ಯಾದೆ ಉಳಿಸಿದ. ಆ ಋಣ ನಮ್ಮ ಮೇಲಿದೆ."

"ಒಬ್ರೇ ಅಲ್ಲ ಸ್ವಾಮಿ" ಎಂದಳು ಸಾಲಿನ ಕೊನೆಯ ಮುದುಕಿ. ದನಿ ಏರಿಸಿರಲಿಲ್ಲ, ಎದುರಿಗೆ ಕೂತವರೊಡನೆ ಮಾತಾಡುವಷ್ಟೇ ಇತ್ತು. "ಆ ಕಟ್ಟು ಹೊತ್ತಿದ್ದು ನಾನು."

ಪ್ರಸನ್ನಕುಮಾರ್ ಕನ್ನಡಕ ಸರಿಪಡಿಸಿಕೊಂಡ. "ಯಾರಮ್ಮ ನೀವು?"

"ನರ್ಸರಿ ತಿಪ್ಪಮ್ಮ. ನಿಮ್ಮ ಮೇಜಿಗೆ ಟೀ ತಂದಿಡ್ತಿದ್ದೆ."

"ಓ... ತಿಪ್ಪಮ್ಮ. ಚೆನ್ನಾಗಿದೀಯಾ?"

"ಇದೀನಿ."

ಪ್ರಸನ್ನಕುಮಾರ್ ಶಾಲಿನ ಮಡಿಕೆ ಸರಿಪಡಿಸಿದ. ಕೈ ಮುಗಿದು ಹಿಂದೆ ಸರಿದ. ತಮಟೆಯವರಿಗೆ ಮತ್ತೆ ಬಾರಿಸಬೇಕೋ ಬೇಡವೋ ತಿಳಿಯಲಿಲ್ಲ. ಯಶೋದಾ ಮಾವನ ಕಡೆ ನೋಡಿದಳು. ಅವರು ನೆಲ ನೋಡುತ್ತಿದ್ದರು. ಅವಳು ಎದ್ದು ಒಳಗೆ ಹೋದಳು.

ನಡುಮನೆಯ ಕತ್ತಲಲ್ಲಿ ಪಾರ್ವತಮ್ಮ ಕಣಜಕ್ಕೆ ಒರಗಿ ಕುಳಿತಿದ್ದಳು.

"ಅವ್ವ, ಏನದು ಕಟ್ಟು? ಅಪ್ಪ ಏನು ಮಾಡಿದ್ರು?"

"ಬಾಗಿಲು ಮುಂದೆ ಮಾಡು" ಎಂದಳು ಪಾರ್ವತಮ್ಮ. "ಹೇಳ್ತೀನಿ."

*

ಆ ಉಪವಿಭಾಗ ಕಚೇರಿ ಈಗ ಇಲ್ಲ. ಹೊಸದುರ್ಗದ ದಾರಿಯಲ್ಲಿ, ಕೆರೆ ಏರಿಗಳ ದುರಸ್ತಿ ಮತ್ತು ರಸ್ತೆ ಬದಿಯ ಗಿಡಗಳ ಕೆಲಸ ನೋಡಿಕೊಂಡಿದ್ದ ಹೆಂಚಿನ ಕಟ್ಟಡ. ಹಿಂದೆ ಒಂದು ಸಸಿಮಡಿ. ಎಲ್ಲರೂ ಅದನ್ನು ನರ್ಸರಿ ಎನ್ನುತ್ತಿದ್ದರು. ತಿಪ್ಪಮ್ಮ, ಮಲ್ಲಕ್ಕ ಮತ್ತು ಇನ್ನೂ ಕೆಲವು ಹೆಂಗಸರು ಅಲ್ಲಿ ದಿನಗೂಲಿಗೆ ದುಡಿಯುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಹಾಜರಿ ಪಟ್ಟಿಗೆ ಹೆಬ್ಬೆಟ್ಟು ಒತ್ತಿ ಕೂಲಿ ತೆಗೆದುಕೊಳ್ಳುತ್ತಿದ್ದರು. ಮದುವೆಯಾದ ಹೊಸತರಲ್ಲಿ ಬಂದವರು ಮಕ್ಕಳ ಮದುವೆ ಮಾಡುವಷ್ಟು ಕಾಲ ಹಾಗೆ ಒತ್ತಿದ್ದರು.

ಸರ್ಕಾರ ಯಾರಿಗೆ ಯಾವಾಗ ಹಣ ಕೊಟ್ಟಿತು ಎಂಬುದಕ್ಕೆ ಸಾಕ್ಷಿಯಾದ ಕಾಗದಗಳೆಲ್ಲ ಕಾಟಲಿಂಗಪ್ಪನ ವಶದಲ್ಲಿದ್ದವು. ಒಂದೊಂದು ಬಗೆಯ ಕಾಗದವನ್ನು ಇಷ್ಟು ವರ್ಷ ಇಡಬೇಕು ಎಂದು ನಿಯಮವಿರುತ್ತದೆ. ಅದು ಮುಗಿದ ಮೇಲೆ ಸಾಹೇಬರ ಆದೇಶ ಪಡೆದು ನಾಶ ಮಾಡಬಹುದು. ಆದರೆ ಕೋರ್ಟಿನಲ್ಲಿ ವ್ಯಾಜ್ಯವಿದ್ದರೆ ಮುಟ್ಟುವಂತಿಲ್ಲ. ದಿನಗೂಲಿಯವರನ್ನು ಖಾಯಂ ಮಾಡುತ್ತಾರಂತೆ, ಹತ್ತು ವರ್ಷ ದುಡಿದದ್ದಕ್ಕೆ ಸಾಕ್ಷಿ ಬೇಕಂತೆ ಎಂಬ ಸುದ್ದಿ ಹಬ್ಬಿ, ನರ್ಸರಿಯ ಹೆಂಗಸರು ಲಾಯರನ್ನು ಹಿಡಿದಾಗ, ಕಾಟಲಿಂಗಪ್ಪ ಅವರ ಹಾಜರಿ ಪಟ್ಟಿಯ ಕಟ್ಟುಗಳನ್ನು ಬೇರೆ ಮಾಡಿ, ನಾಶ ಮಾಡಬಾರದು ಎಂದು ಚೀಟಿ ಅಂಟಿಸಿ ಮೇಲಿನ ಹಲಗೆಗೆ ಏರಿಸಿದ್ದ. ಯಾರೂ ಹೇಳಿರಲಿಲ್ಲ. ಅವನಿಗೇ ಮಾಡಬೇಕು ಅನ್ನಿಸಿತ್ತು.

ಪಟ್ಟಿಗಳನ್ನು ಹಾಜರುಪಡಿಸಿ ಎಂದು ಕೋರ್ಟಿನಿಂದ ಕಾಗದ ಬಂದ ದಿನ ಪ್ರಸನ್ನಕುಮಾರ್ ರೆಕಾರ್ಡ್ ರೂಮಿಗೆ ಬಂದ. ಅವನು ಅಲ್ಲಿಗೆ ಬರುವುದೇ ಅಪರೂಪ.

"ಕೋರ್ಟಿನ ಕಾಗದ ನಾಳೆ ಬಂತು ಅಂತ ಇನ್‌ವರ್ಡ್ ಪುಸ್ತಕದಲ್ಲಿ ಬರೆಸ್ತೀನಿ. ನಾಶದ ಆದೇಶ ಹೋದ ವಾರದ ತಾರೀಕಿಗೆ ಆಗಿದೆ. ಇವತ್ತು ಮುಗಿಸಿಬಿಡು" ಎಂದ.

ಕಾಟಲಿಂಗಪ್ಪನಿಗೆ ಕಾರಣ ಗೊತ್ತಿತ್ತು. ಆ ಪಟ್ಟಿಗಳಲ್ಲಿ ತಿಪ್ಪಮ್ಮ, ಮಲ್ಲಕ್ಕರ ಹೆಸರಿನ ಕೆಳಗೆ, ನರ್ಸರಿಗೆ ಎಂದೂ ಕಾಲಿಡದವರ ಹೆಸರುಗಳೂ ಇದ್ದವು. ಆ ಹೆಸರುಗಳ ಕೂಲಿ ಯಾರ ಜೇಬು ಸೇರಿತ್ತು ಎಂದು ಕೋರ್ಟು ಕೇಳುವುದು ಖಂಡಿತವಾಗಿತ್ತು.

"ಸಾರ್, ಇದ್ರಾಗೆ ಆ ಹೆಣ್ಮಕ್ಕಳ ಜೀವನ ಐತೆ."

ಪ್ರಸನ್ನಕುಮಾರ್ ಸಿಟ್ಟು ಮಾಡಲಿಲ್ಲ. ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತ, "ನಿನ್ನ ಮಗಳಿಗೆ ಹೇಗಿದೆ ಈಗ?" ಎಂದ.

ಯಶೋದಾಳಿಗೆ ಆಗ ಮೂರ್ಛೆ ಬರುತ್ತಿತ್ತು. ಶಾಲೆಯಲ್ಲಿ, ಬಾವಿಕಟ್ಟೆಯಲ್ಲಿ, ಎಲ್ಲೆಂದರಲ್ಲಿ ಬೀಳುತ್ತಿದ್ದಳು. ಕಾಟಲಿಂಗಪ್ಪ ವಾರಕ್ಕೊಮ್ಮೆ ಊರಿಗೆ ಬರುವವನು. ಬಸ್ಸಿನಿಂದ ಇಳಿಯುವಾಗ ಯಾರಾದರೂ ಅವನನ್ನು ಕಂಡು ಬೇಗ ಬೇಗ ಹತ್ತಿರ ಬಂದರೆ ಮಗಳ ಸುದ್ದಿಯೇ ಎಂದು ಹೆದರುತ್ತಿದ್ದ. ಊರಿಗೆ ಹತ್ತಿರದ ಚಿತ್ರದುರ್ಗಕ್ಕೆ ವರ್ಗ ಮಾಡಿಕೊಡಿ ಎಂದು ಕೊಟ್ಟ ಅರ್ಜಿಗಳು ತಿರುಗಿ ಬಂದಿದ್ದವು.

"ನಿನ್ನ ಅರ್ಜಿ ಸಾಹೇಬ್ರ ಮೇಜಿನ ಮೇಲೇ ಇದೆ. ರುಜು ಒಂದು ಬಾಕಿ" ಎಂದು ಹೇಳಿ ಪ್ರಸನ್ನಕುಮಾರ್ ಹೊರಟುಹೋದ.

ಕಾಟಲಿಂಗಪ್ಪ ಸ್ಟೂಲು ಹತ್ತಿ ಕಟ್ಟುಗಳನ್ನು ಇಳಿಸಿದ. ಚೀಟಿಗಳನ್ನು ಉಗುರಿನಿಂದ ಕೆರೆದು ತೆಗೆದ. ಜವಾನ ರಜೆಯಲ್ಲಿದ್ದ. ಹೊರಲು ಯಾರನ್ನಾದರೂ ಕಳಿಸುತ್ತೇನೆ ಎಂದಿದ್ದ ಪ್ರಸನ್ನಕುಮಾರ್ ನರ್ಸರಿಯಿಂದ ಕಳಿಸಿದ್ದು ತಿಪ್ಪಮ್ಮನನ್ನು.

ಅವಳು ಸೀರೆಯ ತುಂಡನ್ನು ಸಿಂಬೆ ಸುತ್ತಿ ತಲೆಗಿಟ್ಟುಕೊಂಡು ಬಾಗಿಲಲ್ಲಿ ನಿಂತಳು. ಬೇಡ, ನೀನು ಹೋಗು, ನಾನೇ ಹೊರುತ್ತೇನೆ ಎಂದು ಕಾಟಲಿಂಗಪ್ಪ ಹೇಳಬಹುದಿತ್ತು. ಯಾಕೆ ಸಾರ್ ಎಂದು ಅವಳು ಕೇಳಿದರೆ ಏನು ಹೇಳುವುದು ಎಂದು ಹೆದರಿ, ಅವನು ಕಟ್ಟನ್ನು ಎತ್ತಿ ಅವಳ ತಲೆಯ ಮೇಲಿಟ್ಟ.

"ಏನು ಸಾರ್ ಇವು, ಇಷ್ಟು ಭಾರ ಅವೆ?"

"ಹಳೇ ಕಾಗದ."

ಕಟ್ಟುಕಟ್ಟಾಗಿಯೇ ಹಾಕಿದರೆ ಬೆಂಕಿ ಹಿಡಿಯುವುದಿಲ್ಲ. ದಾರ ಬಿಚ್ಚಿ, ಹಾಳೆ ಬಿಡಿಸಿ ಹಾಕಬೇಕು. ಹಿತ್ತಲಲ್ಲಿ ಕಾಟಲಿಂಗಪ್ಪ ಹಾಳೆ ಬಿಡಿಸುತ್ತಿದ್ದ, ತಿಪ್ಪಮ್ಮ ಕೋಲಿನಿಂದ ಕೆದಕುತ್ತಿದ್ದಳು. ಹಾಳೆಗಳ ಬಲತುದಿಯಲ್ಲಿ ಸಾಲಾಗಿ ನೀಲಿ ಹೆಬ್ಬೆಟ್ಟುಗಳು. ಅವಳು ಬಗ್ಗಿ ನೋಡಿ ನಕ್ಕಳು.

"ಸಾರ್, ನಮ್ಮ ಹೆಬ್ಬೆಟ್ಟು ಇದ್ದಂಗೇ ಐತಲ್ಲ ಇದು."

"ಎಲ್ಲಾ ಹೆಬ್ಬೆಟ್ಟೂ ಹಂಗೇ ಇರ್ತವೆ" ಎಂದ ಕಾಟಲಿಂಗಪ್ಪ.

ಗಾಳಿ ತಿರುಗಿ ಹೊಗೆ ಅವನ ಕಡೆ ಬಂದಾಗ, "ಅತ್ಲಾಗೆ ನಿಂತ್ಕಳ್ರಿ ಸಾರ್, ಕಣ್ಣೆಲ್ಲ ಕೆಂಪಾಗವೆ. ನಾನು ನೋಡ್ಕಂತೀನಿ" ಎಂದಳು. ಅವನು ಅತ್ತ ಹೋಗಿ ನಿಂತ. ಉಳಿದ ಹಾಳೆಗಳನ್ನು ಅವಳೇ ಹಾಕಿದಳು.

*

"ವರ್ಗ ಆಗಿ ಬಂದ ದಿನ ನಿಂಗೆ ಜಾಮೂನು ತಂದಿದ್ರು" ಎಂದಳು ಪಾರ್ವತಮ್ಮ.

ಯಶೋದಾಳಿಗೆ ನೆನಪಿತ್ತು. ಟ್ರಂಕು, ಹಾಸಿಗೆ ಸುರುಳಿ, ಜಾಮೂನಿನ ಡಬ್ಬಿ. ಇನ್ನು ಮೇಲೆ ಅಪ್ಪ ದಿನಾ ಸಂಜೆ ಮನೆಗೆ ಬರುತ್ತಾರೆ ಎಂದು ಅವಳು ಬೀದಿಯ ಮನೆಮನೆಗೂ ಹೋಗಿ ಹೇಳಿ ಬಂದಿದ್ದಳು. ಅಪ್ಪ ಮಾತ್ರ ಜಾಮೂನು ಮುಟ್ಟದೆ ಗೋಡೆಯ ಕಡೆ ತಿರುಗಿ ಮಲಗಿದ್ದರು.

"ನಂಗೋಸ್ಕರ ಮಾಡಿದ್ರಾ?"

"ನಿಂಗೋಸ್ಕರ, ನಂಗೋಸ್ಕರ. ಹೆದರಿಕೆಗೆ." ಪಾರ್ವತಮ್ಮ ನೆಲದ ಮೇಲೆ ಬೆರಳಾಡಿಸುತ್ತಿದ್ದಳು. "ಅದೇ ಆಗಿದ್ರೆ ನಾನು ಹೆಂಗೋ ಇರ್ತಿದ್ದೆ ಯಶೋದಾ. ಆಮೇಲೆ ಆ ಎರಡು ಹೆಣ್ಮಕ್ಕಳು ನಮ್ಮನೆಗೆ ಬಂದಿದ್ರು."

*

ಪಟ್ಟಿಗಳನ್ನು ನಿಯಮದಂತೆ ನಾಶ ಮಾಡಲಾಗಿದೆ ಎಂದು ಕಚೇರಿ ಕೋರ್ಟಿಗೆ ಬರೆದುಕೊಟ್ಟ ಮೇಲೆ ತಿಪ್ಪಮ್ಮ, ಮಲ್ಲಕ್ಕ ವಿಳಾಸ ಕೇಳಿಕೊಂಡು ಹಿರೇಗುಂಟನೂರಿಗೆ ಬಂದರು. ಭಾನುವಾರ. ಕಾಟಲಿಂಗಪ್ಪ ಜಗಲಿಯ ಮೇಲೆ ಕುಳಿತು ಪೇಪರು ಓದುತ್ತಿದ್ದ. ಅವರನ್ನು ಕಂಡು ಎದ್ದು ನಿಂತ. ಬರ್ರಿ, ಕುಂತ್ಕಳ್ರಿ ಎಂದ. ಒಳಗಿದ್ದ ಪಾರ್ವತಮ್ಮನಿಗೆ ಕಾಫಿ ಮಾಡು ಎಂದ.

ತಿಪ್ಪಮ್ಮ ಕಾಫಿ ಲೋಟವನ್ನು ಕೆಳಗಿಟ್ಟು ಕೇಳಿದಳು. "ಸಾರ್, ನಾನು ಓದಿದೋಳಲ್ಲ. ಆವತ್ತು ನಾನು ಹೊತ್ತು ಸುಟ್ಟಿದ್ದು ನಮ್ಮ ಹಾಜರಿನಾ? ಕೋರ್ಟಿನ ಕಾಗದ ಬಂದ್ಮೇಲೆ ಸುಟ್ಟಿದ್ದು ಅಂತ ನೀವು ಒಂದು ಮಾತು ಹೇಳಿದ್ರೆ ಕೇಸು ನಿಲ್ತದಂತೆ. ಲಾಯರ್ರು ಹೇಳಿದ್ರು. ನೀವು ಅಲ್ಲ ಅಂದ್ರೆ ಅಲ್ಲ ಅಂತ ನಂಬ್ತೀನಿ."

ಕಾಟಲಿಂಗಪ್ಪ ಬಾಗಿಲ ಕಡೆ ನೋಡಿದ. ಬಾಗಿಲ ಹಿಂದೆ ಪಾರ್ವತಮ್ಮ ನಿಂತಿದ್ದಳು. ಅವನ ತುಟಿ ಅಲುಗುತ್ತಿತ್ತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಅವನು ಹೌದು ಎನ್ನುತ್ತಿದ್ದ. ಪಾರ್ವತಮ್ಮನಿಗೆ ಅದು ಚೆನ್ನಾಗಿ ಗೊತ್ತಿತ್ತು. ಸಾಕ್ಷಿ, ಸಸ್ಪೆಂಡು, ಒಳಗೆ ಮಾತ್ರೆ ನುಂಗಿ ಮಲಗಿರುವ ಹುಡುಗಿ, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಅವಳು ಬೇಡ ಎಂದು ತಲೆ ಅಲ್ಲಾಡಿಸಿದಳು.

"ಅಲ್ಲ" ಎಂದ ಕಾಟಲಿಂಗಪ್ಪ. "ಅವು ಬೇರೆ."

ತಿಪ್ಪಮ್ಮ ಸ್ವಲ್ಪ ಹೊತ್ತು ಅವನನ್ನೇ ನೋಡಿದಳು. ಆಮೇಲೆ ಲೋಟವೆತ್ತಿ ಕಾಫಿ ಕುಡಿದು ಮುಗಿಸಿದಳು. ಮಲ್ಲಕ್ಕನೂ ಕುಡಿದಳು. ಇಬ್ಬರೂ ಲೋಟಗಳನ್ನು ತೊಳೆದು ಜಗಲಿಯ ಅಂಚಿಗೆ ಬೋರಲಿಟ್ಟು ಹೋದರು.

*

ಪಾರ್ವತಮ್ಮ ಹೇಳಿ ಮುಗಿಸುವ ಹೊತ್ತಿಗೆ ಹೊರಗೆ ಕಾರು ಸ್ಟಾರ್ಟ್ ಆದ ಸದ್ದು ಕೇಳಿಸಿತು. ಯಶೋದಾ ಹಿಂಬಾಗಿಲಿನಿಂದ ಓಡಿ, ಬೀದಿಯ ತಿರುವಿನಲ್ಲಿ ಕಾರಿಗೆ ಅಡ್ಡ ಬಂದಳು. ಪ್ರಸನ್ನಕುಮಾರ್ ಗಾಜು ಇಳಿಸಿದ.

"ಸರ್, ಆ ಕಟ್ಟುಗಳನ್ನ ಯಾಕೆ ಸುಟ್ಟಿದ್ದು ಅಂತ ನಿಮಗೆ ಗೊತ್ತು. ಈಗಲಾದ್ರೂ ಬರೆದುಕೊಡ್ತೀರಾ?"

"ಯಾರಿಗಮ್ಮ? ಕೇಸು ಬಿದ್ದು ಎಷ್ಟೋ ವರ್ಷ ಆಯ್ತು. ಸಾಹೇಬ್ರು ತೀರಿಕೊಂಡ್ರು. ಕಚೇರಿನೇ ಇಲ್ಲ."

"ಆದರೂ ನೀವಿದೀರಲ್ಲ."

ಅವನು ಅವಳನ್ನು ಒಂದು ಕ್ಷಣ ನೋಡಿದ. ಮುಖದಲ್ಲಿ ಕೋಪವಿರಲಿಲ್ಲ, ದಣಿವಿತ್ತು. "ಬರೆದುಕೊಟ್ಟೆ ಅಂತಾನೇ ಇಟ್ಕೊ. ಮೊದಲು ಯಾರ ಹೆಸರು ಬರುತ್ತೆ? ಬೆಂಕಿ ಹಚ್ಚಿದವರ ಹೆಸರು. ಇನ್ನೂ ಮಣ್ಣು ಆಗಿಲ್ಲ ಅವನಿಗೆ. ನಿಮ್ಮ ಮಾವನವರು ಅಲ್ಲೇ ಕೂತಿದ್ದಾರೆ. ನಿಮ್ಮಮ್ಮನಿಗೆ ಬರೋ ಪಿಂಚಣಿ ಇದೆ. ಯೋಚನೆ ಮಾಡಿ ಹೇಳು, ನಾನು ಎಲ್ಲಿಗೂ ಓಡಿಹೋಗಲ್ಲ."

ಯಶೋದಾ ಕಾರಿನ ಬಾಗಿಲಿನಿಂದ ಕೈ ತೆಗೆದಳು.

ಕಾರು ಹೋಯಿತು. ಧೂಳು ಅಡಗುವವರೆಗೂ ಅವಳು ಅಲ್ಲೇ ನಿಂತಿದ್ದಳು. ಅವನು ಬರೆದುಕೊಡುವುದಿಲ್ಲ ಎಂದು ತಿಳಿದಾಗ ತನ್ನೊಳಗೆ ಏನೋ ಸಡಿಲವಾದದ್ದು ಅವಳಿಗೆ ಗೊತ್ತಾಗಿತ್ತು. ಅದು ನೆಮ್ಮದಿ. ಹೊಳಲ್ಕೆರೆಯಲ್ಲಿ ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂಬ ನೆಮ್ಮದಿ. ಅದನ್ನು ಗುರುತಿಸಿದ ಮೇಲೆ ಮುಖ ಕಾದ ಹೆಂಚಿನಂತೆ ಸುಡತೊಡಗಿತು. ಬಾಗಿಲ ಹಿಂದೆ ನಿಂತು ತಲೆ ಅಲ್ಲಾಡಿಸಿದವಳ ಮಗಳು ತಾನು ಎನ್ನುವುದು ಅವಳಿಗೆ ಅಲ್ಲಿ, ಆ ಬೀದಿಯ ತಿರುವಿನಲ್ಲಿ ಅರ್ಥವಾಯಿತು.

ಹಿಂದಿರುಗಿ ಬಂದು ಸೀದಾ ತಿಪ್ಪಮ್ಮನ ಬಳಿ ಹೋದಳು. "ಅಮ್ಮ, ಅವ್ವ ಒಳಗವ್ರೆ. ಬರ್ತೀರಾ?"

ತಿಪ್ಪಮ್ಮ ಅವಳ ಕೈ ಹಿಡಿದು ಎದ್ದಳು. "ಮೂರ್ಛೆ ಬರ್ತೈತೆ ಅಂತ ಸಾರ್ ಹೇಳ್ತಿದ್ದ ಹುಡುಗಿ ನೀನೇನಾ?"

"ನಾನೇ."

"ಈಗ?"

"ಈಗ ಬರಲ್ಲ."

"ಹೂಂ" ಎಂದಳು ತಿಪ್ಪಮ್ಮ. ಆ ದನಿಯಲ್ಲಿ ಏನಿತ್ತೆಂದು ಯಶೋದಾಳಿಗೆ ತಿಳಿಯಲಿಲ್ಲ.

ಪಾರ್ವತಮ್ಮ ಅವಳನ್ನು ಕಂಡು ಏಳಲು ಹೋದಳು. ತಿಪ್ಪಮ್ಮ ಬೇಡವೆಂದು ಕೈಮಾಡಿ ಎದುರಿಗೆ ಕುಳಿತಳು. ಹೊರಗೆ ಓಬಣ್ಣ ಚಟ್ಟಕ್ಕೆ ಹಗ್ಗ ಬಿಗಿಯುತ್ತ ಯಾರನ್ನೋ ಗದರುತ್ತಿದ್ದ.

"ಅವ್ರು ಹಾಸಿಗೆ ಹಿಡಿದ ಮ್ಯಾಲೆ ನಿಮ್ಮನ್ನ ಒಂದ್ಸಲ ಕರೆಸು ಅಂದಿದ್ರು" ಎಂದಳು ಪಾರ್ವತಮ್ಮ. "ದಿನಾ ಅನ್ನೋರು. ಫೋನ್ ಕೈಗೆ ತಗಳೋರು, ಮಾಡಾಕೆ ಧೈರ್ಯ ಬರ್ತಿರ್ಲಿಲ್ಲ, ನಂಗೆ ಕೊಡೋರು. ಹುಷಾರಾಗ್ಲಿ ಕರೆಸ್ತೀನಿ ಅಂತ ನಾನು 'ನಾಳೆ, ನಾಳೆ' ಅಂದೆ. ಊರಿಗೆಲ್ಲ ಗೊತ್ತಾಗ್ತದೆ ಅಂತ. ಬಾಯಿ ನಿಂತ್ಹೋದ ಮ್ಯಾಲೂ ಬಾಗಿಲ ಕಡೆ ನೋಡ್ತಿದ್ರು. ಅವ್ರು ಹೋದ್ಮೇಲೆ ಕರೆಸ್ದೆ."

ತಿಪ್ಪಮ್ಮ ಕೇಳಿಸಿಕೊಂಡಳು. "ಕರೆದಿದ್ರೆ ಬರ್ತಿದ್ನೋ ಇಲ್ವೋ ಹೇಳಾಕಾಗಲ್ಲ ನಂಗೆ" ಎಂದಳು. "ಮಲ್ಲಕ್ಕ ಹೋದಾಗ ಆತ ಬಂದಿದ್ರು, ಗೊತ್ತೇನು ನಿಮಗೆ?"

ಪಾರ್ವತಮ್ಮ ಇಲ್ಲವೆಂದಳು.

"ಆಕೆ ಡಾಬಾದಾಗೆ ಪಾತ್ರೆ ತೊಳೀತಾ ತೊಳೀತಾನೇ ಹೋದ್ಲು. ಆ ಮಣ್ಣಿಗೆ ಬಂದು ದೂರ, ಹುಣಸೆ ಮರದ ಬುಡಕ್ಕೆ ನಿಂತಿದ್ರು. ನನ್ನ ಮಗಳ ಹತ್ರ ನಂಬರ್ ಕೇಳಿ ಬರ್ಕಂಡ್ರಂತೆ. ಬರ್ರಿ, ಒಂದು ಹಿಡಿ ಮಣ್ಣಾಕ್ರಿ ಅಂತ ಯಾರೂ ಅನ್ಲಿಲ್ಲ. ನಾನೂ ಅನ್ಲಿಲ್ಲ. ನೋಡ್ಕಂಡೇ ಸುಮ್ಕಿದ್ದೆ. ಆಮೇಲೆ ತಿರುಗಿ ನೋಡಿದ್ರೆ ಇರ್ಲಿಲ್ಲ. ಅದು ಯಾಕೋ ಮನಸ್ಸಿನಾಗೆ ಉಳ್ಕಂತು. ಅದಕ್ಕೆ ಇವತ್ತು ಬಂದೆ."

"ತಪ್ಪಾತು ತಿಪ್ಪಮ್ಮ" ಎಂದಳು ಪಾರ್ವತಮ್ಮ. "ಅವ್ರದ್ದು, ನನ್ನದು. ಬಿಟ್ಬಿಡ್ರಿ ಹೊಟ್ಟೆಗೆ ಹಾಕ್ಕಂಡು."

ತಿಪ್ಪಮ್ಮ ತಲೆ ಅಲ್ಲಾಡಿಸಿದಳು. "ಹಂಗೆ ಕೇಳ್ಬ್ಯಾಡ್ರಿ. ಅದು ನಾನೊಬ್ಬಳೇ ಬಿಡೋದಲ್ಲ. ಅದ್ರಾಗೆ ಮಲ್ಲಕ್ಕನೂ ಅವಳೆ." ಮಂಡಿಯ ಮೇಲೆ ಕೈಯೂರಿದಳು. "ಏಳ್ರಿ, ಹೊತ್ತಾತು. ಎತ್ತಿ ಹೋಗಾಣ."

ಹೊಲ ಊರಿನಿಂದ ಹೆಚ್ಚು ದೂರವಿರಲಿಲ್ಲ. ಗುಂಡಿಯೊಳಗೆ ಉಪ್ಪು ಸುರಿದು, ಕಾಟಲಿಂಗಪ್ಪನನ್ನು ಇಳಿಸಿ, ಗಲ್ಲದ ಬಟ್ಟೆ ಬಿಚ್ಚಿದರು. ಯಶೋದಾ ಮೂರು ಹಿಡಿ ಮಣ್ಣು ಹಾಕಿದಳು. ಮಾವ ಹಾಕಿದರು, ಊರವರು ಹಾಕಿದರು. ಪಿಂಚಣಿ ಕಾಗದಕ್ಕೆ ನಾಲ್ಕು ಜೆರಾಕ್ಸ್ ಮಾಡಿಸಿದ್ದವನು ಮಣ್ಣು ಹಾಕಿ ಕಣ್ಣೊರೆಸಿಕೊಂಡ. ಗಂಡಸರು ಸಲಿಕೆ ಹಿಡಿದು ಮುಚ್ಚತೊಡಗಿದ ಮೇಲೆ ತಿಪ್ಪಮ್ಮ ಬದುವಿನ ಮೇಲೆ ನಡೆದು ಬಂದು ತಲುಪಿದಳು. ಓಬಣ್ಣ ಸಲಿಕೆ ನಿಲ್ಲಿಸಿದ. ಅವಳಿಗೆ ಬಗ್ಗಲು ಆಗುತ್ತಿರಲಿಲ್ಲ. ಕೂತೇಬಿಟ್ಟಳು. ಅಗೆದು ಹಾಕಿದ ಹೆಂಟೆಯೊಂದನ್ನು ಎತ್ತಿ, ಅದು ಪುಡಿಯಾಗುವವರೆಗೂ ಎರಡೂ ಅಂಗೈಗಳ ನಡುವೆ ಉಜ್ಜಿ, ಮೆಲ್ಲಗೆ ಗುಂಡಿಯೊಳಗೆ ಬಿಟ್ಟಳು.

ಎಲ್ಲ ಮುಗಿದ ಮೇಲೆ ಜನ ಬೋರ್‌ವೆಲ್ಲಿನ ತೊಟ್ಟಿಯ ಬಳಿ ಕೈಕಾಲು ತೊಳೆದುಕೊಂಡು ಒಬ್ಬೊಬ್ಬರಾಗಿ ಊರ ಕಡೆ ನಡೆದರು. ಕೆಂಚಕ್ಕ ಪಾರ್ವತಮ್ಮನ ತೋಳು ಹಿಡಿದು ಕರೆದುಕೊಂಡು ಹೋಗಲು ನೋಡಿದಳು. ಪಾರ್ವತಮ್ಮ ಬಿಡಿಸಿಕೊಂಡು ತೊಟ್ಟಿಯಿಂದ ಚೊಂಬು ತುಂಬಿಕೊಂಡಳು.

ತಿಪ್ಪಮ್ಮ ಕಲ್ಲಿನ ಮೇಲೆ ಕುಳಿತು ಕೈ ಚಾಚಿದಳು. ಪಾರ್ವತಮ್ಮ ಬಗ್ಗಿ ನೀರು ಹೊಯ್ದಳು. ಕೆಂಪು ಮಣ್ಣು ಬೆರಳ ಸಂದಿನಿಂದ ಇಳಿದು ಹೋಯಿತು. ಚೊಂಬು ಬರಿದಾಯಿತು. ಮತ್ತೆ ತುಂಬಿ ತಂದು ಹೊಯ್ದಳು. ಕೈ ಸ್ವಚ್ಛವಾಗಿತ್ತು. ಪಾರ್ವತಮ್ಮ ಮೂರನೆಯ ಸಲ ತುಂಬಿದಳು. ರಸ್ತೆಯ ಕಡೆಯಿಂದ ಹೊಸದುರ್ಗಕ್ಕೆ ಹೋಗುವ ಬಸ್ಸಿನ ಹಾರನ್ ಕೇಳಿಸಿತು. ಬಸ್ಸು ಬಂತೆಂದು ಹೇಳಲೋ ಬೇಡವೋ ಎಂದು ಯಶೋದಾ ನಿಂತಳು. ನೀರು ಬೀಳುತ್ತಲೇ ಇತ್ತು. ತಿಪ್ಪಮ್ಮ ಕೈಗಳನ್ನು ಹಾಗೇ ಚಾಚಿಕೊಂಡು ಕುಳಿತಿದ್ದಳು.